ಬೆರಳುಗಳ ಹಾಜರಿ

ಕೋಟು ಹೊಲಿಸಿಕೊಂಡವರು ಕಟಿಂಗ್ ಮಾಸ್ಟರನ್ನು ಹೊಗಳುತ್ತಾರೆ, ಬಟ್ಟೆಯನ್ನು ಹೊಗಳುತ್ತಾರೆ, ಕನ್ನಡಿಯ ಮುಂದೆ ನಿಂತು ತಮ್ಮ ಮೈಕಟ್ಟನ್ನೂ ಹೊಗಳಿಕೊಳ್ಳುತ್ತಾರೆ. ಗುಂಡಿ ತೂರುವ ತೂತನ್ನು ಹೊಗಳಿದವರನ್ನು ಯಾರೂ ಕಂಡಿಲ್ಲ. ಆ ತೂತಿಗೆ ಕಾಜಾ ಎಂದು ಹೆಸರು. ಅದನ್ನು ಅಳತೆಗೆ ಕತ್ತರಿಸಿ, ಅಂಚಿನ ಸುತ್ತ ಮೇಣ ಹಚ್ಚಿದ ದಾರದಿಂದ ಒತ್ತೊತ್ತಾಗಿ ಗಂಟು ಹಾಕುತ್ತ ಬರುವುದು ಒಂದು ಕಸುಬು. ಅಂಗಿಗಳ ಕಾಜಾ ಎಂದೋ ಮಷೀನಿನ ಪಾಲಾಗಿತ್ತು. ಕೋಟಿನದು ಮಾತ್ರ ಕೈಯಲ್ಲೇ ಆಗಬೇಕೆಂದು ಮಾಸ್ಟರ್ ಹಟ ಹಿಡಿದಿದ್ದರಿಂದ ಆ ದರ್ಜಿ ಅಂಗಡಿಯ ಕಿಟಕಿ ಪಕ್ಕದ ಸ್ಟೂಲು ಒಬ್ಬ ಹೆಂಗಸಿಗೆ ಉಳಿದುಕೊಂಡಿತ್ತು. ಎಲ್ಲರೂ ಅವಳನ್ನು ಕಾಜಾ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ ಮಾಸ್ಟರ್ ಕೂಡ.

ಅಕ್ಕ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಸೂಜಿಗೆ ದಾರ ಪೋಣಿಸ್ತಾ ಇದ್ದೆ, ಅಷ್ಟರಲ್ಲಿ ವಯಸ್ಸಾಗೋಯ್ತು" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲಿನ ಕೋಣೆಯಲ್ಲಿ ಅವಳೊಬ್ಬಳೇ. ಬೇರೆ ಊರಿನಲ್ಲಿದ್ದ ತಂಗಿ ಫೋನ್ ಮಾಡಿದರೆ "ಚೆನ್ನಾಗಿದೀಯಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ತನ್ನ ಮಕ್ಕಳ ಕತೆಗೆ ಹೊರಳುತ್ತಿದ್ದಳು. ಕೆಳಗೆ ಪ್ರೆಸ್ ಓಡುವಾಗ ಕೋಣೆಯ ನೆಲ ಸಣ್ಣಗೆ ನಡುಗುತ್ತಿತ್ತು. ಸಂಜೆ ಅದು ನಿಂತ ಕೂಡಲೇ ಅಕ್ಕನಿಗೆ ಯಾರೋ ಪಕ್ಕದಿಂದ ಎದ್ದು ಹೋದ ಹಾಗಾಗುತ್ತಿತ್ತು. ಬಾಯಿ ತೆರೆದರೆ "ನನಗೇನು ಕಮ್ಮಿ" ಎನ್ನುವವಳೇ. ಕಮ್ಮಿ ಇತ್ತು. ಇಲ್ಲದಿದ್ದರೆ ಅವಳ ಬಗ್ಗೆ ಹೇಳುವುದಕ್ಕೆ ನನಗೇನೂ ಇರುತ್ತಿರಲಿಲ್ಲ.

ನೋವು ಬೆಳಗಿನ ಹೊತ್ತು ಶುರುವಾಯಿತು. ಎದ್ದಾಗ ಬೆರಳುಗಳು ಮರದ ಚಮಚಗಳ ಹಾಗೆ ನೆಟ್ಟಗಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ, ಉಜ್ಜಿ, ಬೈದು, ಹೇಗೋ ಬಗ್ಗಿಸಿಕೊಂಡು ಅಂಗಡಿಗೆ ಹೋಗುತ್ತಿದ್ದಳು. ಗೆಣ್ಣುಗಳು ಊದಿಕೊಂಡವು. ಅಕ್ಕ ಸ್ವೆಟರಿನ ತೋಳನ್ನು ಎಳೆದು ಕೈ ಮುಚ್ಚಿಕೊಂಡಳು. ಆದರೆ ಹೊಟ್ಟೆನೋವನ್ನು ಬಚ್ಚಿಡಬಹುದು, ಕೈನೋವನ್ನು ಎಲ್ಲಿ ಬಚ್ಚಿಡುವುದು? ಪ್ರೆಸ್ಸಿನವನ ಹೆಂಡತಿ ಮೆಟ್ಟಿಲ ಮೇಲೆ ಒಂದು ದಿನ ಆ ಬೆರಳು ನೋಡಿದಳು. "ನನ್ನ ಮಂಡಿಗೆ ಒಬ್ಬರು ಪುಡಿ ಕೊಡ್ತಾರೆ, ಅವರನ್ನ ಮೇಲಕ್ಕೂ ಕಳಿಸ್ತೀನಿ" ಎಂದಳು.

ಹೀಗೆ ಒಂದು ಗುರುವಾರ ಸಂಜೆ ಪುಡಿ ಟೀಚರ್ ಮೆಟ್ಟಿಲು ಹತ್ತಿ ಬಂದರು. ಮುಂಚೆ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದವರು. ಶಾಲೆ ಮುಚ್ಚಿದ ಮೇಲೆ ಡಬ್ಬಿ ತುಂಬಿದ ಚೀಲ ಹೆಗಲಿಗೇರಿಸಿದ್ದರು. ಅಕ್ಕನಿಗಿಂತ ಚಿಕ್ಕವರು, ದುಂಡು ಮುಖ, ಗಟ್ಟಿ ದನಿ. ಕೂರಿ ಎನ್ನುವ ಮೊದಲೇ ಕುರ್ಚಿ ಎಳೆದು ಕೂತರು. ಡಬ್ಬಿಯಲ್ಲಿದ್ದದ್ದು ಗಿಡಗಳ ಸಕ್ಕರೆಯಂತೆ. ಲೋಳೆಸರ, ಮರದ ಅಂಟು, ಕಡಲಪಾಚಿ, ಅಣಬೆ, ಇವುಗಳಿಂದ ತೆಗೆದದ್ದು. ನಾವು ಟೀಗೆ ಹಾಕುವ ಸಕ್ಕರೆಯೇ ಬೇರೆ, ಇದೇ ಬೇರೆ.

"ನೋಡಿ ಅಕ್ಕ, ಮೈಯೊಳಗಿನ ಜೀವಕೋಶಗಳು ಒಂದಕ್ಕೊಂದು ಮಾತಾಡ್ತಿರಬೇಕು. ಆ ಮಾತಿಗೆ ಈ ಸಕ್ಕರೆ ಬೇಕು. ಮಾತು ನಿಂತುಹೋದ್ರೆ ನಮ್ಮವರು ಯಾರು, ಹೊರಗಿನವರು ಯಾರು ಅಂತ ಗುರುತೇ ಸಿಗಲ್ಲ. ಆಗ ಮೈ ತನ್ನ ಕೀಲನ್ನ ತಾನೇ ಹೊಡೆಯೋಕೆ ಶುರು ಮಾಡುತ್ತೆ."

ಅಕ್ಕನಿಗೆ ವಿಜ್ಞಾನ ಗೊತ್ತಿರಲಿಲ್ಲ. ಆದರೆ ಮಾತು ನಿಂತುಹೋದರೆ ಏನಾಗುತ್ತದೆ ಎಂಬುದನ್ನು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಒಂದು ಡಬ್ಬಿ ಇಟ್ಟುಕೊಂಡಳು.

ಟೀಚರ್ ಆಮೇಲೆ ಮಾಡಿದ್ದೇ ಬೇರೆ. ಅಕ್ಕನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಅಂಗೈ ಮೇಲಾಗಿಸಿ, "ಈಗ ಹಾಜರಿ. ಬಗ್ಗಿ ಅಂಗೈ ಮುಟ್ಟಿದ ಬೆರಳು ಹಾಜರ್, ಮುಟ್ಟದ್ದು ಗೈರು. ನಾನು ಕರೀತೀನಿ, ನೀವು ಹೇಳಿ" ಎಂದರು.

"ಕಿರುಬೆರಳು?"

ಅಕ್ಕ ನಾಚಿಕೊಂಡಳು. ಈ ವಯಸ್ಸಿನಲ್ಲಿ ಇದೆಂಥ ಆಟ? ಟೀಚರ್ ಆ ಬೆರಳನ್ನು ಮೆಲ್ಲಗೆ ಬಗ್ಗಿಸಿದರು. ಅದು ಅಂಗೈ ಮುಟ್ಟಿತು.

"ಹಾಜರ್" ಎಂದಳು ಅಕ್ಕ.

ಉಂಗುರದ ಬೆರಳು ಗೈರು, ನಡುಬೆರಳು ಗೈರು. ತೋರುಬೆರಳಂತೂ ಹೆಡ್‌ಮಾಸ್ತರರ ಮಗನ ಹಾಗೆ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. "ಇರಲಿ, ಗಿಡದ್ದು ನಿಧಾನ. ಮುಂದಿನ ವಾರ ಇವರನ್ನೆಲ್ಲ ವಿಚಾರಿಸ್ಕೊಳ್ಳೋಣ" ಎಂದು ಟೀಚರ್ ಟೀ ಕುಡಿದು ಹೋದರು. ಅವರು ಹೋದ ಮೇಲೆ ಅಕ್ಕ ತನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದಳು. ತಾಯಿಯ ಕೊನೆಯ ಕಾಯಿಲೆಯ ನಂತರ ಇನ್ನೊಬ್ಬರ ಕೈ ಆ ಕೈಯನ್ನು ಹಿಡಿದೇ ಇರಲಿಲ್ಲ. ಅಂಗಡಿಯಲ್ಲಿ ಬಟ್ಟೆ ಕೊಡುತ್ತಾರೆ, ದಾರ ಕೊಡುತ್ತಾರೆ, ಕೈ ಕೊಡುವವರು ಯಾರು?

ಅಂದಿನಿಂದ ಅಕ್ಕನ ವಾರಕ್ಕೆ ಒಂದು ನಡುಗಂಬ ಸಿಕ್ಕಿತು. ಬುಧವಾರ ಕೋಣೆ ಗುಡಿಸುತ್ತಿದ್ದಳು. ಗುರುವಾರ ಅಂಗಡಿಯಿಂದ ಕುಂಟುನೆಪ ಹೇಳಿ ಬೇಗ ಹೊರಡುತ್ತಿದ್ದಳು. ವಾರವಿಡೀ ಕಂಡದ್ದು ಕೇಳಿದ್ದನ್ನೆಲ್ಲ ಟೀಚರಿಗೆಂದು ಎತ್ತಿಡುತ್ತಿದ್ದಳು. ಹೊಟ್ಟೆ ಒಳಗೆಳೆದು ಅಳತೆ ಕೊಟ್ಟು ಆಮೇಲೆ ಕೋಟು ಬಿಗಿ ಎಂದು ಜಗಳಕ್ಕೆ ಬಂದವನ ಕತೆ ಕೇಳಿ ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪುಡಿಯನ್ನು ಅಕ್ಕ ತಪ್ಪದೆ ನೀರಿಗೆ ಬೆರೆಸಿ ಕುಡಿದಳು. ಬೆರಳುಗಳು ಮಾತ್ರ ಅದಕ್ಕೆ ಕಿವಿಗೊಡಲಿಲ್ಲ. ಕೆಲವು ವಾರ ಕಿರುಬೆರಳೂ ಗೈರಾಗುತ್ತಿತ್ತು.

ಮಧ್ಯದಲ್ಲಿ ಪ್ರೆಸ್ಸಿನವನ ಹೆಂಡತಿ, "ನಂಗೇನೂ ಗುಣ ಕಾಣ್ಲಿಲ್ಲ, ಸಾಕು" ಎಂದು ಪುಡಿ ನಿಲ್ಲಿಸಿದಳು. ಮುಂದಿನ ಗುರುವಾರದಿಂದ ಟೀಚರ್ ಕೆಳಗಿನ ಬಾಗಿಲು ತಟ್ಟುವುದನ್ನೂ ನಿಲ್ಲಿಸಿದರು. ಅವರದೇನೂ ತಪ್ಪಿಲ್ಲ, ಹೋಗಬೇಕಾದ ಮನೆಗಳು ಬೇಕಾದಷ್ಟಿದ್ದವು. ಆದರೆ ಅಕ್ಕ ಮೇಲಿನ ಕಿಟಕಿಯಿಂದ ಅದನ್ನು ನೋಡಿದಳು. ಡಬ್ಬಿ ನಿಂತರೆ ಹೆಜ್ಜೆಯೂ ನಿಲ್ಲುತ್ತದೆ ಎಂಬುದು ಅವಳಿಗೆ ಆವತ್ತೇ ತಿಳಿಯಿತು.

ಅಷ್ಟರಲ್ಲಿ ಕೋಟಿನ ಪ್ರಸಂಗ ನಡೆಯಿತು. ಗಂಡಸರ ಕೋಟಿಗೆ ಕಾಜಾ ಎಡ ಮಗ್ಗುಲಲ್ಲಿ, ಹೆಂಗಸರದಕ್ಕೆ ಬಲ ಮಗ್ಗುಲಲ್ಲಿ. ಇದನ್ನು ಅಕ್ಕ ನಿದ್ದೆಯಲ್ಲೂ ತಪ್ಪುವವಳಲ್ಲ. ಆದರೆ ಮಣಿಕಟ್ಟು ತಿರುಗದೆ ಹೋದದ್ದರಿಂದ ಕತ್ತರಿ ತಿರುಗಿಸುವ ಬದಲು ಬಟ್ಟೆಯನ್ನೇ ತಿರುಗಿಸಿ ಕತ್ತರಿಸುವ ಅಭ್ಯಾಸ ಮಾಡಿಕೊಂಡಿದ್ದಳು. ಆ ದಿನ ನೋವಿನ ಭರದಲ್ಲಿ ಬಟ್ಟೆಯನ್ನು ಅರ್ಧ ಸುತ್ತು ಹೆಚ್ಚು ತಿರುಗಿಸಿದಳು. ಒಬ್ಬ ವಕೀಲರ ಕೋಟಿನ ಬಲ ಮಗ್ಗುಲಲ್ಲಿ ಮೂರು ಕಾಜಾ ಅಚ್ಚುಕಟ್ಟಾಗಿ ಬಾಯಿ ತೆರೆದು ಕೂತವು. ಹೊಲಿಗೆಯಾದರೆ ಬಿಚ್ಚಬಹುದು, ತೂತನ್ನು ಬಿಚ್ಚುವುದು ಹೇಗೆ? ಮಾಸ್ಟರ್ ಬಂದು ನೋಡಿದರು. ಬೈಯುತ್ತಾರೆಂದು ಅಕ್ಕ ಕಾಯುತ್ತಿದ್ದಳು, ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಅವಳ ಸ್ವೆಟರಿನ ತೋಳನ್ನು ಮೇಲೆ ಸರಿಸಿ ಕೈ ನೋಡಿದರು, ಅಂಗಡಿಯನ್ನು ಬೇರೆಯವರಿಗೆ ಒಪ್ಪಿಸಿದರು, "ನಡೀರಿ ಅಕ್ಕ" ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದರು.

ರಕ್ತಪರೀಕ್ಷೆ ಆದ ಮೇಲೆ ಡಾಕ್ಟರಮ್ಮ ಹೇಳಿದ್ದು ಕೇಳಿ ಅಕ್ಕನಿಗೆ ಆಶ್ಚರ್ಯವಾಯಿತು. "ನಿಮ್ಮ ಮೈ ನಿಮ್ಮ ಕೀಲುಗಳನ್ನೇ ಶತ್ರು ಅಂತ ತಿಳ್ಕೊಂಡು ಹೊಡೀತಿದೆ." ಟೀಚರ್ ಹೇಳಿದ್ದೂ ಅದನ್ನೇ ಅಲ್ಲವೆ? ಕಾಯಿಲೆಯ ಮಟ್ಟಿಗೆ ಇಬ್ಬರದೂ ಒಂದೇ ಮಾತು, ಔಷಧಿಯಲ್ಲಿ ಮಾತ್ರ ದಾರಿ ಬೇರೆ. ಅಕ್ಕ ಪುಡಿಯ ವಿಷಯ ಬಾಯಿ ಬಿಟ್ಟಳು.

"ಅದರಿಂದ ವಾಸಿಯಾಗುತ್ತೆ ಅಂತ ನಾನು ಹೇಳಲಾರೆ" ಎಂದರು ಡಾಕ್ಟರಮ್ಮ. "ಈ ಮಾತ್ರೆ ಮಾತ್ರ ಬಿಡೋ ಹಾಗಿಲ್ಲ. ಇದು ವಾರಕ್ಕೆ ಒಂದೇ ದಿನ, ಅಪ್ಪಿತಪ್ಪಿಯೂ ದಿನಾ ನುಂಗಬಾರದು. ಆಗಾಗ ಬಂದು ರಕ್ತ ಕೊಟ್ಟು ಹೋಗಬೇಕು. ಯಾವ ದಿನ ಅಂದ್ರೆ ನಿಮಗೆ ನೆನಪಿರುತ್ತೆ?"

"ಗುರುವಾರ" ಎಂದಳು ಅಕ್ಕ, ಯೋಚಿಸದೆ.

ಮಾತ್ರೆ ಕೂಡಲೇ ಏನೂ ಮಾಡಲಿಲ್ಲ. ಆಮೇಲೆ ಮೆಲ್ಲಮೆಲ್ಲಗೆ ಬೆಳಗಿನ ಬಿಗಿ ಸಡಿಲಾಯಿತು. ಒಂದು ಗುರುವಾರ ಉಂಗುರದ ಬೆರಳು ಹಾಜರಾಯಿತು. ಟೀಚರ್ ಕುರ್ಚಿಯಿಂದ ಎದ್ದೇಬಿಟ್ಟರು. "ನಾನು ಹೇಳ್ಲಿಲ್ವಾ ಅಕ್ಕ? ಗಿಡದ್ದು ನಿಧಾನ, ಆದ್ರೆ ಕೈ ಬಿಡಲ್ಲ." ಅವರ ಕಣ್ಣು ಒದ್ದೆಯಾಗಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಾಗ ಕಾಗೆಗೆ ಹೆಮ್ಮೆಯಾದರೆ ತಪ್ಪೇನು? ಮಾತ್ರೆಯ ವಿಷಯ ಆಗಲೇ ಹೇಳಬೇಕಿತ್ತು. ಅಕ್ಕ ಬಾಯಿ ತೆರೆದಳು, ಟೀಚರ್ ಇನ್ನೂ ಅವಳ ಕೈಯನ್ನು ಹಿಡಿದುಕೊಂಡೇ ಇದ್ದರು, ಅಕ್ಕ ಬಾಯಿ ಮುಚ್ಚಿದಳು. ಮಾತ್ರೆಯ ಪೊಟ್ಟಣ ಅಕ್ಕಿ ಡಬ್ಬದ ಹಿಂದೆ ಸೇರಿತು. ನಾನೇನು ಸುಳ್ಳು ಹೇಳಿಲ್ಲವಲ್ಲ, ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಇಂಥ ವಾದ ಆ ವಕೀಲರಿಗೆ ಒಪ್ಪುತ್ತಿತ್ತು.

ನಡುಬೆರಳು ಹಾಜರಾದ ವಾರ ಟೀಚರ್ ಒಂದು ಕೋರಿಕೆ ತಂದರು. ಪುಡಿ ಮಾರುವವರ, ಕೊಳ್ಳುವವರ ಸಭೆ ಇದೆ. "ನನ್ನಿಂದ ಒಬ್ಬರಿಗಾದ್ರೂ ಗುಣ ಆಗಿದೆ ಅಂತ ತೋರಿಸೋಕೆ ಇಷ್ಟು ದಿನ ಯಾರೂ ಇರಲಿಲ್ಲ ಅಕ್ಕ. ಕಂಪನಿಯ ಮೇಲಿನವರು ಮುಖ ಸಿಂಡರಿಸ್ತಾರೆ. ನೀವೇನೂ ಮಾತಾಡಬೇಡಿ. ಮುಂದೆ ಕೂತು ಒಂದು ಕಾಜಾ ಹೊಲೀರಿ, ಸಾಕು."

ಮಾತಾಡಬೇಕಾಗಿಲ್ಲ ಎಂದಾಗ ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಒಪ್ಪಿಕೊಂಡಳು.

ಸಭೆ ಒಂದು ಪೀಠೋಪಕರಣದ ಅಂಗಡಿಯ ಮೇಲಿನ ಹಾಲಿನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಮೇಜಿನ ಮೇಲೆ ಗೋಪುರದ ಹಾಗೆ ಪೇರಿಸಿಟ್ಟ ಡಬ್ಬಿಗಳು. ಟೀಚರ್ ಮೈಕಿನಲ್ಲಿ ಅಕ್ಕನ ಬೆರಳುಗಳ ಕತೆ ಹೇಳಿದರು, ಹಾಜರಿಯ ಆಟವನ್ನೂ ಹೇಳಿದರು. ಅದು ತಮ್ಮಿಬ್ಬರ ನಡುವಿನದು ಎಂದುಕೊಂಡಿದ್ದ ಅಕ್ಕನಿಗೆ ಒಳಗೆ ಸ್ವಲ್ಪ ಚುಚ್ಚಿತು. ಆದರೂ ತಲೆ ತಗ್ಗಿಸಿ ದಾರಕ್ಕೆ ಮೇಣ ಎಳೆದಳು, ಸೂಜಿಗೆ ಪೋಣಿಸಿದಳು, ಬಟ್ಟೆಯ ತುಂಡಿನಲ್ಲಿ ಕಾಜಾ ಕತ್ತರಿಸಿ ಗಂಟಿನ ಪಕ್ಕ ಗಂಟು ಹಾಕುತ್ತ ಬಂದಳು. ಮುಗಿದಾಗ ಚಪ್ಪಾಳೆ ಬಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳ ಕಾಜಾಕ್ಕೆ ಚಪ್ಪಾಳೆ, ಅದೂ ತಪ್ಪು ಕಾರಣಕ್ಕೆ.

ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಎದ್ದು ನಿಂತಳು. ಪಕ್ಕದಲ್ಲಿ ಪುಟ್ಟ ಮಗು. ಅವಳ ಗೆಣ್ಣುಗಳನ್ನು ನೋಡಿದ ಕೂಡಲೇ ಅಕ್ಕನಿಗೆ ತನ್ನದೇ ಕೈ ನೆನಪಾಯಿತು.

"ನಂಗೆ ಮಗೂಗೆ ಅಂಗಿ ಗುಂಡಿ ಹಾಕೋಕೂ ಆಗ್ತಿಲ್ಲ ಅಕ್ಕ" ಎಂದಳು. "ಡಾಕ್ಟರ್ ವಾರಕ್ಕೊಂದು ಮಾತ್ರೆ ಕೊಟ್ಟಿದಾರೆ. ನುಂಗಿದ ಮಾರನೇ ದಿನ ಹೊಟ್ಟೆ ತೊಳೆಸುತ್ತೆ. ಅದನ್ನ ನಿಲ್ಲಿಸಿ ಇದನ್ನೇ ಕುಡೀಲಾ?"

ಟೀಚರ್ ನಗುಮುಖದಿಂದ ಅಕ್ಕನ ಕಡೆ ತಿರುಗಿದರು. ಉತ್ತರ ಗೊತ್ತಿದೆಯೆಂಬ ನಗು. ಅಕ್ಕನಿಗೆ ಅತ್ತ ದರಿ, ಇತ್ತ ಪುಲಿ. ಅವಳಿಗೆ ಕಂಡದ್ದು ತನ್ನ ಕೋಣೆಯ ಕುರ್ಚಿ, ಎರಡು ಲೋಟ ಟೀ, ಎರಡು ಕೈಗಳ ನಡುವಿನ ತನ್ನ ಕೈ. ಮಗು ತನ್ನ ಅಂಗಿಯ ಗುಂಡಿಯನ್ನು ಬಾಯಲ್ಲಿ ಕಚ್ಚುತ್ತಿತ್ತು.

"ನಿಲ್ಲಿಸಬೇಡಮ್ಮ" ಎಂದಳು ಅಕ್ಕ. "ನಾನೂ ಅದನ್ನೇ ನುಂಗ್ತಾ ಇರೋದು. ಬೆರಳು ಬಗ್ಗಿದ್ದು ಅದು ಶುರು ಮಾಡಿದ ಮೇಲೆ. ಹೊಟ್ಟೆ ತೊಳೆಸೋದನ್ನ ಡಾಕ್ಟರ್ ಹತ್ರ ಹೇಳು, ಏನಾದ್ರೂ ಮಾಡಿಕೊಡ್ತಾರೆ. ಮಾತ್ರೆ ಮಾತ್ರ ಬಿಡಬೇಡ."

ಮುಂದೆ ಯಾರು ಏನೆಂದರೋ ಅವಳು ಕೇಳಿಸಿಕೊಳ್ಳಲಿಲ್ಲ. ಸೂಜಿಯನ್ನು ತನ್ನ ಸೂಜಿಡಬ್ಬಿಗೆ ಹಾಕಿ, ಕಾಜಾದ ತುಂಡನ್ನು ಮೇಜಿನ ಮೇಲೇ ಬಿಟ್ಟು ಕೆಳಗಿಳಿದಳು. ಅಂಗಡಿಯ ಮುಂದೆ, ಮಾರಾಟಕ್ಕಿಟ್ಟ ಮಂಚಗಳ ಪಕ್ಕದಲ್ಲಿ, ಟೀಚರ್ ಹಿಂದಿನಿಂದ ಬಂದು ನಿಂತರು.

"ಯಾವಾಗಿಂದ?"

"ಕೋಟು ಕೆಟ್ಟಾಗಿನಿಂದ."

"ನನಗೆ ಹೇಳಬಹುದಿತ್ತು ಅಕ್ಕ. ಅಷ್ಟು ಜನರ ಮುಂದೆ ಬೇಡವಾಗಿತ್ತು."

"ಹೇಳಿದ್ರೆ ನೀವು ಬರೋದು ನಿಲ್ಲಿಸ್ತಿದ್ರಿ."

ಇಲ್ಲ ಎನ್ನಲು ಟೀಚರ್ ಬಾಯಿ ತೆರೆದರು. ಆದರೆ ಅವರು ಮನಸ್ಸಿನಲ್ಲಿಲ್ಲದ್ದನ್ನು ಆಡುವವರಲ್ಲ. ಪುಡಿಯನ್ನೂ ನಂಬಿಯೇ ಮಾರಿದವರು, ದಿನಾ ತಾವೂ ಕುಡಿಯುತ್ತಿದ್ದವರು. ತೆರೆದ ಬಾಯಿ ಹಾಗೇ ಮುಚ್ಚಿತು. ಅಕ್ಕ ಆ ಒಂದು ಸುಳ್ಳಿಗಾಗಿ ಕಾದಳು, ಅದು ಬರಲಿಲ್ಲ.

"ಕೈ ನೋಡ್ಕೊಳ್ಳಿ" ಎಂದರು ಟೀಚರ್, ಚೀಲವನ್ನು ಹೆಗಲಿಗೇರಿಸಿ ಬಸ್ ಸ್ಟಾಪಿನ ಕಡೆ ನಡೆದರು.

ಮುಂದಿನ ಬುಧವಾರ ಅಕ್ಕ ಕೋಣೆ ಗುಡಿಸಿದಳು. ಗುರುವಾರ ಬೇಗ ಬಂದಳು. ಯಾರೂ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಬರುವುದಿಲ್ಲವೆಂದು ಗೊತ್ತಾದ ಮೇಲೂ ಮನಸ್ಸಿಗೆ ಅದನ್ನು ಒಪ್ಪಿಸುವುದು ಕಷ್ಟ, ಮನಸ್ಸೇನು ಮಾಸ್ಟರರ ಟೇಪೇ, ಎಳೆದಷ್ಟಕ್ಕೆ ನಿಲ್ಲಲು? ಒಂದು ಸಲ ಬಸ್ಸಿನಲ್ಲಿ ಟೀಚರನ್ನು ಕಂಡಳು. ಅವರೂ ಕಂಡರು, ತಲೆ ಆಡಿಸಿದರು, ನಡುವೆ ತುಂಬ ಜನವಿದ್ದರು. ಅಂಗಡಿಯಲ್ಲಿ ಮಾಸ್ಟರ್ "ಈಗ ಕೈ ಹೇಗಿದೆ?" ಎಂದು ಕೇಳುತ್ತಿದ್ದರು, ಅವಳು "ಚೆನ್ನಾಗಿದೆ" ಎನ್ನುತ್ತಿದ್ದಳು, ಅವರು ಕಟಿಂಗ್ ಮೇಜಿಗೆ ಹೋಗುತ್ತಿದ್ದರು. ಕೈ ನಿಜವಾಗಿಯೂ ಚೆನ್ನಾಗಿತ್ತು. ಆ ಚಿಕ್ಕ ವಯಸ್ಸಿನ ಹೆಂಗಸು ಮಾತ್ರೆ ಬಿಟ್ಟಳೋ ಇಲ್ಲವೋ ಗೊತ್ತಾಗುವ ದಾರಿಯೇ ಇರಲಿಲ್ಲ.

ಇನ್ನೊಂದು ಗುರುವಾರ ಸಂಜೆ ಕೆಳಗಿನ ಪ್ರೆಸ್ ನಿಂತಿತು, ನೆಲದ ನಡುಕವೂ ನಿಂತಿತು. ಅಕ್ಕ ಅಕ್ಕಿ ಡಬ್ಬದ ಹಿಂದಿನಿಂದ ಪೊಟ್ಟಣ ತೆಗೆದು ಬರೀ ನೀರಿನಲ್ಲಿ ಮಾತ್ರೆ ನುಂಗಿದಳು. ಈಗ ಅದನ್ನು ಬಚ್ಚಿಡುವ ಕಾರಣವಿರಲಿಲ್ಲ, ಆದರೂ ಅಲ್ಲೇ ಇಡುತ್ತಿದ್ದಳು. ಬಾಗಿಲನ್ನು ಓರೆ ಮಾಡಿಟ್ಟು, ಟೀಚರ್ ಕೂರುತ್ತಿದ್ದ ಕುರ್ಚಿಯ ಎದುರಿಗೆ ಕೂತು, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಳು.

"ಕಿರುಬೆರಳು?" ಎಂದು ತಾನೇ ಕರೆದಳು. "ಹಾಜರ್." ಉಂಗುರದ ಬೆರಳೂ ಹಾಜರ್, ನಡುಬೆರಳೂ ಹಾಜರ್. ಕೊನೆಗೆ ತೋರುಬೆರಳನ್ನು ಕರೆದಳು. ಅದು ಅರ್ಧಕ್ಕೆ ನಿಂತು, ಇನ್ನೊಂದು ಸ್ವಲ್ಪ ಬಗ್ಗಿ, ಮೊದಲ ಸಲ ಅಂಗೈಯನ್ನು ಮುಟ್ಟಿತು.

ಅಕ್ಕ ಬಾಗಿಲ ಕಡೆ ನೋಡಿದಳು. ಆಮೇಲೆ, ಮೆಟ್ಟಿಲ ಮೇಲೆ ಯಾರಾದರೂ ಇದ್ದರೆ ಕೇಳಿಸಲಿ ಎಂದು, "ಹಾಜರ್" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.