ಚಿಕ್ಕಮ್ಮನ ಸಿಲಿಕಾನ್, ನನ್ನ ದೊಡ್ಡ ಬಾಯಿ

ಡಾಕ್ಟರಮ್ಮ ಕನ್ನಡಕ ಇಳಿಸಿ, ನನ್ನ ಎದೆಯನ್ನೇ ದಿಟ್ಟಿಸಿ, "ತಂಬಿ, ಆಪರೇಷನ್ ಉಂಗಳುಕ್ಕಾ?" ಅಂದರು. ಆಪರೇಷನ್ ನಿನಗೇನಪ್ಪಾ ಅಂತ!

ಸೇಲಂನ ಆ ಕ್ಲಿನಿಕ್ಕಿನ ಫ್ಯಾನ್ ಕೂಡ ಒಂದು ಗಳಿಗೆ ನಿಂತು, ನಕ್ಕು, ಮತ್ತೆ ತಿರುಗಿತು. (ಕರೆಂಟ್ ಹೋಗಿ ಬಂತು ಅಂತ ಚಿಕ್ಕಮ್ಮ ಹೇಳುತ್ತಾಳೆ. ನಂಬಬೇಡಿ.)

ವಿಷಯ ಇಷ್ಟು. ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಸೇಲಂನಲ್ಲೇ ಬೇರೂರಿದ ನಮ್ಮ ಕನ್ನಡ ನೇಕಾರರ ಬೀದಿಯಲ್ಲೇ ಮಗ್ಗ ನೇಯುವವಳು. ಕೆಲವು ವರ್ಷಗಳ ಹಿಂದೆ ಕ್ಯಾನ್ಸರ್ ಗಡ್ಡೆ ಆಗಿ ಅವಳ ಬಲ ಸ್ತನ ತೆಗೆದಿದ್ದರು. "ಇನ್ನೂ ಚಿಕ್ಕ ವಯಸ್ಸು, ನಾಕ್ ಜನದ ಮುಂದೆ ಓಗ್ಬ್ಯಾಡ್ವಾ?" ಅಂತ ಮನೆಯ ದೊಡ್ಡವರೆಲ್ಲ ಸೇರಿ, ಮದ್ರಾಸಿನಲ್ಲಿ ಆ ಜಾಗಕ್ಕೊಂದು ಸಿಲಿಕಾನ್ ಚೀಲ ಇಡಿಸಿದರು. ಈಗ ಅದು ಗಟ್ಟಿಯಾಗಿದೆ. ಲಾಳಿಯ ಹಗ್ಗ ಎಳೆದಾಗಲೆಲ್ಲ ನೋವು. ಸಾಲದ್ದಕ್ಕೆ, ಅಮೆರಿಕದಲ್ಲಿ ಇಂಥ ಚೀಲಗಳ ಬಗ್ಗೆ ದೊಡ್ಡ ಗಲಾಟೆ ಅಂತ ಪೇಪರಿನಲ್ಲಿ ಸುದ್ದಿ. ತೆಗೆಸೋದಾ? ಬಿಡೋದಾ?

ಜೊತೆಗೆ ಯಾರು ಹೋಗಬೇಕು? ಮನೆಯಲ್ಲಿ ಇಂಗ್ಲಿಷ್ ಬಲ್ಲ ಏಕೈಕ ಮಹಾಪುರುಷ ನಾನೇ. (ಬಿ.ಎ. ಇಂಗ್ಲಿಷ್ ಪೇಪರಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂದರೆ, ಮತ್ತೆ ಮತ್ತೆ ಕರೆಸಿಕೊಳ್ಳುತ್ತಿತ್ತು.)

ಡಾಕ್ಟರಮ್ಮ ಪರೀಕ್ಷೆ ಮುಗಿಸಿ ಕೂತರು, ಅಷ್ಟೇ. ಅವರು ಬಾಯಿ ತೆರೆಯುವ ಮೊದಲೇ ನಾನು ತೆರೆದೆ.

"ಡಾಕ್ಟರ್, ಓಲ್ಡ್ ರಿಮೂವ್, ನ್ಯೂ ಪುಟ್. ಸೇಮ್ ಡೇ!"

ಯಾಕೆ ಹಾಗಂದೆ? ನೇಕಾರರ ಮನೆ ಬುದ್ಧಿ ಸ್ವಾಮಿ. ನಮ್ಮಲ್ಲಿ ಹಾಸು, ಅಂದರೆ ಮಗ್ಗದ ಉದ್ದನೆಯ ಎಳೆಗಳು, ಮುಗಿದರೆ ಮಗ್ಗವನ್ನು ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಎಳೆಗಳ ತುದಿ ಉಳಿಸಿಕೊಂಡು, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೇ ಗಂಟು ಹಾಕುತ್ತೇವೆ. ಖಾಲಿ ಮಗ್ಗ ಕಂಡರೆ ಅಜ್ಜಿ ಮುಖ ತಿರುಗಿಸುತ್ತಾಳೆ. ಹಳೇದು ಹೋದ ಕಡೆ ಹೊಸದು ಕೂರಲೇಬೇಕು ಅಂತ ನೋಡಿಕೊಂಡೇ ಬೆಳೆದವನು ನಾನು. ಖಾಲಿ ಬಿಡಬಹುದು ಅನ್ನುವುದು ತಲೆಗೇ ಬರಲಿಲ್ಲ. ಅದಕ್ಕೇ ಆ ಮಾತು, ಅದಕ್ಕೇ ಮೊದಲು ಹೇಳಿದ ಆ ಮಂಗಳಾರತಿ.

"ಅವಂಗಳೇ ಪೇಸಟ್ಟುಂ" ಅಂದರು ಡಾಕ್ಟರಮ್ಮ. ಅವರೇ ಮಾತಾಡಲಿ ಅಂತ. ಆಮೇಲೆ ನನ್ನನ್ನು ಕುರ್ಚಿ ಮೇಜಿನ ಲೆಕ್ಕಕ್ಕೆ ಸೇರಿಸಿ, ಚಿಕ್ಕಮ್ಮನಿಗೆ ಅಚ್ಚ ತಮಿಳಿನಲ್ಲಿ ಬಿಡಿಸಿ ಹೇಳಿದರು.

ಚೀಲದ ಸುತ್ತ ದೇಹ ತಾನೇ ಒಂದು ಪೊರೆ ಕಟ್ಟಿಕೊಳ್ಳುತ್ತದಂತೆ. ಅದು ಬಿಗಿದುಕೊಂಡರೆ ಹೀಗೆ ಗಟ್ಟಿ, ಹೀಗೆ ನೋವು. ಪೇಪರ್ ಓದಿ ಹೆದರಿ ಎಲ್ಲರೂ ತೆಗೆಸಬೇಕಿಲ್ಲ. ನೋವಿದ್ದರೆ, ಚೀಲ ಒಡೆದಿದ್ದರೆ ಯೋಚಿಸಬೇಕು. ಮೊದಲು ಸ್ಕ್ಯಾನ್ ಮಾಡಿಸಿ, ಹಳೆ ಕಾಯಿಲೆ ತಿರುಗಿ ಬಂದಿಲ್ಲ ಅಂತ ಖಾತ್ರಿ ಆಗಬೇಕು. ಮದ್ರಾಸಿನಲ್ಲಿ ಇಟ್ಟದ್ದು ಎಂಥದ್ದು ಅಂತ ಅಲ್ಲಿಂದ ತಿಳಿದುಕೊಳ್ಳಬೇಕು. ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಆಪರೇಷನ್. ಕೆಟ್ಟ ನೀರು ಇಳಿಯಲು ಕೆಲವು ದಿನ ಟ್ಯೂಬ್ ಇರಬಹುದು. ಕೆಲವು ವಾರ ಮಗ್ಗವನ್ನೂ ಮುಟ್ಟಬಾರದು, ನೀರಿನ ಕೊಡವನ್ನೂ ಮುಟ್ಟಬಾರದು.

"ಎದೆ ಚಪ್ಪಟೆ ಆಗುತ್ತೆ. ಚರ್ಮ ಜೋಲಬಹುದು, ಗುರುತು ಉಳಿಯುತ್ತೆ. ಕನ್ನಡಿ ಮುಂದೆ ಮೊದಮೊದಲು ಕಷ್ಟ. ಹೊಸದು ಇಡಬಹುದು, ಇಡದೆಯೂ ಇರಬಹುದು. ಅದು ನಿಮ್ಮಿಷ್ಟ" ಅಂದರು.

ಚಿಕ್ಕಮ್ಮ ಯೋಚಿಸಿ ಬರ್ತೀನಿ ಅಂತ ಎದ್ದಳು. ಬಸ್ ಸ್ಟ್ಯಾಂಡಿಗೆ ಬಂದವಳು ಸೀದಾ ಏರ್ಕಾಡ್ ಬಸ್ ಹತ್ತಿದಳು.

"ಚಿಕ್ಕಮ್ಮ, ಇದು ಬೆಟ್ಟಕ್ಕೋಗೋ ಬಸ್ಸು!"

"ಗೊತ್ತೈತೆ. ಬಾರ್ಲಾ ಸುಮ್ಕೆ."

ಘಾಟಿ ಶುರುವಾಯಿತು. ಒಂದು ತಿರುವಿನಲ್ಲಿ ಮೋಡವೊಂದು ಕಿಟಕಿಯಿಂದ ಒಳಗೆ ಬಂದು ನಮ್ಮ ಪಕ್ಕ ಕೂತಿತು. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿಯುತ್ತಾನೇನೋ ಅಂದುಕೊಂಡೆ. ಕೆಳಗೆ ಸೇಲಂ ಮೆಲ್ಲಗೆ ಕರಗುತ್ತಿತ್ತು. ಮೊದಲು ಬೀದಿಗಳು ಹೋದವು, ಆಮೇಲೆ ಮಗ್ಗಗಳ ಸದ್ದು, ಕೊನೆಗೆ ನನ್ನ ಇಂಗ್ಲಿಷ್ ಕೂಡ. ಮರಗಳನ್ನು ತಬ್ಬಿ ನಿಂತ ಮೆಣಸಿನ ಬಳ್ಳಿಗಳು ಮಂಜಿನಲ್ಲಿ ತೂಕಡಿಸುತ್ತಿದ್ದವು. ಚಿಕ್ಕಮ್ಮನೂ ಅರ್ಧ ಕಣ್ಣು ಮುಚ್ಚಿದ್ದಳು.

"ಲೇ, ನಂಗೊಂದಾಸೆ ಐತೆ ಕಣ್ಲಾ."

"ಏನು, ಊಟಿಗೂ ಓಗ್ಬೇಕಾ?"

"ಬೋರಲಾಗಿ ಮಲಗ್ಬೇಕು. ಚಿಕ್ಕುಡ್ಗೀಲಿ ಅಂಗೇ ಮಲಗ್ತಿದ್ದೆ, ದಿಂಬು ತಬ್ಕೊಂಡು. ಇದಿಟ್ಟ ಮ್ಯಾಲೆ ಆಗ್ನೇ ಇಲ್ಲ. ಕಲ್ಲಿನ್ ಮ್ಯಾಲೆ ಬಿದ್ದಂಗಾಯ್ತದೆ."

ಜೋಕು ಹೊಳೆಯಲಿಲ್ಲ. (ದಾಖಲೆ ಮಾಡಿಕೊಳ್ಳಿ.)

"ಅಂಗಾರೆ ಹೊಸದು ಬ್ಯಾಡ್ವಾ?"

"ಬ್ಯಾಡ."

"ಅಜ್ಜಿ ಸುಮ್ನಿರ್ತಾಳಾ?"

"ಅಷ್ಟು ಬೇಕಂದ್ರೆ ನಮ್ಮವ್ವ ತಾನೇ ಒಂದು ಇಡ್ಸ್ಕಳ್ಲಿ!"

"ನೋಡ್ದೋರು..."

"ರವಿಕೆ ಒಳ್ಗೆ ಬಟ್ಟೆ ಮಡ್ಸಿ ಇಟ್ಕತೀನಿ. ನೇಯೋರ್ ಮನೇಲಿ ಬಟ್ಟೆಗೇನ್ಲಾ ಬರ?"

ಹೇಳಿ ಮುಗಿಸಿ ಜೋರಾಗಿ ನಕ್ಕಳು. ಮುಂದಿನ ಸೀಟಿನ ಎಸ್ಟೇಟ್ ಹೆಂಗಸು ತಿರುಗಿ ನೋಡಿ, ಯಾಕೆಂದು ಗೊತ್ತಿಲ್ಲದೆಯೇ ತಾನೂ ನಕ್ಕಳು.

ಸ್ಕ್ಯಾನಿನಲ್ಲಿ ಹಳೆ ಕಾಯಿಲೆಯ ಸುಳಿವಿರಲಿಲ್ಲ. ಆಪರೇಷನ್ ಆಯಿತು. ಹೊಸದು ಇಡಲಿಲ್ಲ. ಅಜ್ಜಿ ಒಂದಿಷ್ಟು ದಿನ ಮಾತು ಬಿಟ್ಟಳು, ಅತ್ತೆ ಒಬ್ಬಳು ಕಣ್ಣೀರು ಹಾಕಿದಳು, ಮಾವನೊಬ್ಬ "ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?" ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಗಾಯ ಪೂರ್ತಿ ಮಾಗಿ, ಹೇಗೆ ಬೇಕಾದರೂ ಮಲಗಬಹುದು ಅಂತ ಡಾಕ್ಟರಮ್ಮ ಹೇಳಿದ ಮೇಲೆ, ಮೊನ್ನೆ ಭಾನುವಾರ ಮಧ್ಯಾಹ್ನ ಅವಳ ಮನೆಗೆ ಹೋದೆ. ಚಾಪೆಯ ಮೇಲೆ ಬೋರಲಾಗಿ, ದಿಂಬು ತಬ್ಬಿಕೊಂಡು, ಬಾಯಿ ತೆರೆದು ಮಲಗಿದ್ದಳು. ಬೆಕ್ಕಿನ ಹಾಗೆ ಸದ್ದಿಲ್ಲದೆ ಹಿಂದೆ ಸರಿಯಲು ಹೋಗಿ ಹಿತ್ತಾಳೆ ಚೊಂಬು ಒದ್ದೆ. ಅದು ಮನೆಯಿಡೀ ಉರುಳಿತು. ಅವಳಿಗೆ ಎಚ್ಚರವೇ ಆಗಲಿಲ್ಲ.

ಆ ಎದೆಯ ಬಗ್ಗೆ ಅಭಿಪ್ರಾಯ ಹೇಳದವರು ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ. ಇಷ್ಟು ವರ್ಷ ಅವಳಿಗೆ ನಿದ್ದೆ ಬರುತ್ತಿತ್ತಾ ಅಂತ ಕೇಳಿದವರು ಯಾರು?