ಪರಾತ ತಿರುವಿ ಪರದೇಶಕ್ಕೆ

ನಾನು ಪರದೇಶಕ್ಕೆ ಹೋಗುವುದು ಗಟ್ಟಿಯಾಗುವ ಮೊದಲೇ ನನ್ನ ಅತ್ತೆ ರಾಮದುರ್ಗದ ಕಡೆಯ ತೊರಗಲ್‌ನಿಂದ ಬಸ್ಸು ಹತ್ತಿ, ನನ್ನನ್ನು ಬೈಯಲೆಂದೇ ನಮ್ಮೂರು ಮನೋಳಿಗೆ ಬಂದಿಳಿದರು.

ಆದದ್ದು ಇಷ್ಟು. ನಾನು ಲಾರಿ ಡ್ರೈವರ್. ಸುಗ್ಗಿಯಲ್ಲಿ ಕಬ್ಬು, ಉಳಿದ ದಿನಗಳಲ್ಲಿ ಗೋವಿನಜೋಳ, ಉಳ್ಳಾಗಡ್ಡಿ, ಸಿಮೆಂಟು, ಯಾರು ಏನು ಹೇರಿದರೂ ಒಯ್ದು ಮುಟ್ಟಿಸುವುದು ನನ್ನ ಕೆಲಸ. ಸವದತ್ತಿಯ ಗೆಳೆಯನೊಬ್ಬ ನನ್ನ ಮಾಲೀಕರದೇ ಇನ್ನೊಂದು ಲಾರಿ ಓಡಿಸುತ್ತಿದ್ದ. ಸುದ್ದಿ ತಂದವನು ಅವನೇ. ಬೈಲಹೊಂಗಲದಲ್ಲಿ ಬಟ್ಟೆಯಂಗಡಿಯೊಂದರ ಮೇಲಿನ ಖೋಲಿಯಲ್ಲಿ ಒಬ್ಬ ಏಜೆಂಟ್ ಕುಳಿತಿದ್ದಾನೆ, ಲಿಥುವೇನಿಯಾ ಎಂಬ ದೇಶಕ್ಕೆ ಟ್ರಕ್ ಡ್ರೈವರುಗಳು ಬೇಕಂತೆ ಎಂದ. ಇಬ್ಬರೂ ಹೋದೆವು. ಏಜೆಂಟ್ ಗೋಡೆಯ ನಕಾಶೆಯ ಮೇಲೆ ಬೆರಳಿಟ್ಟು "ಇದ ನೋಡ್ರಿ" ಎಂದ. ಬೆರಳು ದಪ್ಪ, ದೇಶ ಸಣ್ಣದು. ಅವನು ಬೆರಳು ತೆಗೆಯುವ ತನಕ ನಮಗೆ ಏನೂ ಕಾಣಲಿಲ್ಲ.

"ಅಲ್ಲಿ ಡ್ರೈವರ್ ಮಂದಿ ಸಾಲವಲ್ಲರು. ಆದ್ರ ಒಂದ ಮಾತ. ಅಲ್ಲಿ ಗಾಡಿ ರಸ್ತೆದ ಬಲಕ್ಕ ಹೋಗ್ತಾವ, ಸ್ಟೇರಿಂಗ್ ಎಡಕ್ಕ ಇರ್ತೈತಿ. ಕಂಪನಿಯವರ ಇಲ್ಲಿಗೆ ಬಂದು ಕಿತ್ತೂರ ಹಂತೇಕ ಒಂದು ಮೈದಾನದಾಗ ಟೆಸ್ಟ್ ತಗೋತಾರ. ತಯಾರಾಗ್ರಿ" ಎಂದ.

ಹೆಂಡತಿ ಖುಷಿಗೆ ತವರಿಗೆ ಫೋನ್ ಮಾಡಿದಳು. ತೊರಗಲ್‌ನ ಕೋಟೆ ಗುಡ್ಡದ ಮಗ್ಗುಲಿಗಿರುವ ಆ ಮನೆಗೆ ಯಾವ ಮಾತೂ ಪೂರ್ತಿ ತಲುಪುವುದಿಲ್ಲ. ಲಿಥುವೇನಿಯಾ ಎಂಬ ಹೆಸರಿನಲ್ಲಿ ಅತ್ತೆಯ ಕಿವಿಗೆ ಬಿದ್ದದ್ದು 'ವೇನಿ' ಎಂಬ ನಡುವಿನ ತುಂಡು ಮಾತ್ರ. ಅಳಿಯ ಯಾರೋ ವೇಣಿಯ ಹಿಂದೆ ಊರು ಬಿಡುತ್ತಿದ್ದಾನೆ, ಮಗಳು ಹುಚ್ಚಿಯ ಹಾಗೆ ಅದನ್ನು ನಗುನಗುತ್ತಾ ಹೇಳುತ್ತಿದ್ದಾಳೆ! ಮರುದಿನದ ಮೊದಲ ಬಸ್ಸಿಗೇ ಹೊರಟುಬಂದರು.

"ಎಲ್ಲದಾಳ ಆಕಿ?" ಎಂದರು, ಚಪ್ಪಲಿ ಬಿಡುವುದಕ್ಕೂ ಮೊದಲು.

"ಯಾರ್ರೀ ಅತ್ತಿ?"

"ಅದ, ಆ ವೇಣಿ! ನನ್ನ ಮಗಳದೇನ ಕಮ್ಮಿ ಆಗೈತ್ರಿ ಅಳ್ಯಾರ ನಿಮಗ?"

"ಅತ್ತಿ, ಅದು ಹೆಂಗಸಲ್ರಿ. ದೇಶ ಐತಿ."

"ದೇಶ! ಅಷ್ಟ ದೊಡ್ಡಾಕಿ ಅದಾಳೇನ?"

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ನಾನು ಫೋನಿನಲ್ಲಿ ಆ ದೇಶದ ಚಿತ್ರಗಳನ್ನು ತೆಗೆದು ತೋರಿಸಿದೆ. ಹಿಮ, ಮರ, ಟ್ರಕ್ಕು, ಮತ್ತೆ ಹಿಮ. ಅತ್ತೆ ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಇಲ್ಲಿ ಹೆಂಗಸರು ಇಲ್ಲೇನ್ರಿ?"

"ಅದಾರ್ರಿ. ದೇಶ ಅಂದಮ್ಯಾಲ ಇರ್ತಾರಲ್ರಿ."

"ಮತ್ತ!" ಎಂದು ಫೋನು ಮರಳಿಸಿದರು. ವೇಣಿ ಎಂಬಾಕೆ ಅಲ್ಲೇ ಯಾವುದೋ ಮರದ ಹಿಂದೆ ನಿಂತಿದ್ದಾಳೆಂದು ಅವರಿಗೆ ಖಾತ್ರಿಯಾಯಿತು. ಟೆಸ್ಟ್ ಮುಗಿಯುವ ತನಕ ಇಲ್ಲೇ ಇರುತ್ತೇನೆಂದು ಚೀಲವನ್ನು ಗೂಟಕ್ಕೆ ಸಿಕ್ಕಿಸಿದರು.

ನನ್ನನ್ನು ತಯಾರು ಮಾಡುವ ಜವಾಬ್ದಾರಿಯನ್ನು ಹೆಂಡತಿ ವಹಿಸಿಕೊಂಡಳು. ಅವಳು ಜಂಪರು ಹೊಲಿಯುವವಳು. ಹೊಂದದ ಜಂಪರನ್ನು ಬಿಚ್ಚಿ ಸರಿಮಾಡುವ ಹಾಗೆ ಗಂಡನನ್ನೂ ಸರಿಮಾಡಬಹುದೆಂದು ಅವಳ ನಂಬಿಕೆ. "ನಾಳಿಂದ ಎಲ್ಲಾ ಬಲಕ್ಕ ರೀ" ಎಂದಳು. ನಾನು ಮನೋಳಿಯ ಸಂತೆಯಲ್ಲಿ ಬಲಕ್ಕೆ ಬಲಕ್ಕೆ ನಡೆಯುತ್ತಾ ಹೋಗಿ ಒಬ್ಬಾಕೆಯ ಬದನೆಕಾಯಿ ಬುಟ್ಟಿಯೊಳಗೆ ಕಾಲಿಟ್ಟೆ.

"ಕಣ್ಣ ಕಾಣ್ಸೂದಿಲ್ಲೇನೋ ಯಪ್ಪಾ?"

"ಪ್ರಾಕ್ಟೀಸ್ ಮಾಡಾಕತ್ತೇನ್ ಬೇ ಯಕ್ಕಾ."

"ನನ್ನ ಬದನಿಕಾಯಾಗ ಏನ ಪ್ರಾಕ್ಟೀಸೋ?"

ಎಡಗಡೆಯ ಸೀಟಿನ ಅಭ್ಯಾಸಕ್ಕೆ ಹೆಂಡತಿ ಇನ್ನೊಂದು ಉಪಾಯ ಹುಡುಕಿದಳು. ಹಿಟ್ಟು ನಾದುವ ಪರಾತವನ್ನು ನನ್ನ ಕೈಗೆ ಕೊಟ್ಟು, ಗೆಳೆಯನ ಲಾರಿಯಲ್ಲಿ ಎಡಗಡೆ ಕೂಡಿಸಿದಳು. ಅವನು ನಿಜವಾದ ಸ್ಟೇರಿಂಗ್ ತಿರುಗಿಸುವುದು, ನಾನು ಪರಾತ ತಿರುಗಿಸುವುದು. ಮೊದಮೊದಲು ನಾಚಿಕೆಯಾಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾನೇ ಓಡಿಸುತ್ತಿದ್ದೇನೆ ಎಂಬ ಭ್ರಮೆ ಹತ್ತಿತು. ನವಿಲುತೀರ್ಥದ ತಿರುವಿನಲ್ಲಿ ಜಗಳವೇ ಆಯಿತು.

"ಲೇ, ನಾ ಬಲಕ್ಕ ಹೊಳ್ಳಿಸೇನಿ, ನೀ ಯಾಕ ಎಡಕ್ಕ ಹೊಂಟಿ?"

"ಲಾರಿ ನನ್ನ ಕೈಯಾಗ ಐತ್ಲೇ! ನಿನ್ನ ಕೈಯಾಗ ಇರೂದು ಪರಾತ!"

ಸವದತ್ತಿಯ ಹೊರಗೆ ಪೊಲೀಸರೊಬ್ಬರು ಕೈ ತೋರಿಸಿ ನಿಲ್ಲಿಸಿದರು. ಗೆಳೆಯನ ಕಡೆ ಹೋಗದೆ ಸೀದಾ ನನ್ನ ಕಡೆ ಬಂದರು.

"ಇದೇನಿದು?"

"ಪರಾತ್ರಿ ಸಾಹೇಬ್ರ."

"ಅದು ಕಾಣಾಕತ್ತೈತಿ. ತಿರವಾಕತ್ತೀರಿ ಯಾಕ?"

"ಪರದೇಶಕ್ಕ ಹೊಂಟೇನ್ರಿ."

ಅವರು ನನ್ನನ್ನೊಮ್ಮೆ, ಪರಾತವನ್ನೊಮ್ಮೆ ನೋಡಿದರು. "ಇದರ ಮ್ಯಾಲ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ, ಹೋಗಿ ಹೋಗಿ ಎಂದು ಕೈ ಬೀಸಿದರು.

ಇನ್ನು ಉಳಿದದ್ದು ನನ್ನ ನಿದ್ದೆಯ ವಿಷಯ. ರೊಟ್ಟಿ ಉಂಡ ಮೇಲೆ ನನ್ನ ಕಣ್ಣು ತಾವಾಗಿಯೇ ಮುಚ್ಚುತ್ತವೆ. ಎಲ್ಲಿ ಬೇವಿನ ಮರ ಕಂಡಿತೋ ಅಲ್ಲಿ ಲಾರಿ ನಿಲ್ಲಿಸಿ ಮಲಗಿಬಿಡುವುದು ನನ್ನ ಪದ್ಧತಿ. ಮಾಲೀಕರು ಬೈದು ಬೈದು ಬೇಸತ್ತಿದ್ದರು. ಗೆಳೆಯ ಇದಕ್ಕೆ ತದ್ವಿರುದ್ಧ. ಸವದತ್ತಿಯಲ್ಲಿ ಹತ್ತಿದರೆ ಮುಂಬಯಿಯಲ್ಲೇ ಇಳಿಯುವ ಗಂಡು, ಚಹಾ ಕುಡಿಯುವುದಕ್ಕೆ ಮಾತ್ರ ನಿಲ್ಲಿಸುತ್ತಾನೆ ಎಂದು ಅವನ ಹೆಸರು ಎಲ್ಲ ಧಾಬಾಗಳಲ್ಲೂ ಇತ್ತು. "ನಿದ್ದಿ ಮಾತ ತಗೀಬ್ಯಾಡ್ರಿ. ಕೇಳಿದ್ರ 'ನೋ ಸ್ಲೀಪ್' ಅನ್ರಿ, ಮುಗೀತು" ಎಂದು ಹೆಂಡತಿ ಬಾಯಿಪಾಠ ಮಾಡಿಸಿದಳು.

ಟೆಸ್ಟಿನ ದಿನ ನಾನು, ಗೆಳೆಯ, ಹೆಂಡತಿ, ಮತ್ತು ಯಾರೂ ಕರೆಯದಿದ್ದರೂ ಅತ್ತೆ, ಎಲ್ಲರೂ ಕಿತ್ತೂರಿಗೆ ಹೋದೆವು. ಮೈದಾನದಲ್ಲಿ ಖಾಲಿ ಡ್ರಮ್ಮುಗಳನ್ನು ಸಾಲಾಗಿ ಇಟ್ಟು, ಅತ್ತಿತ್ತ ಹಗ್ಗ ಕಟ್ಟಿದ್ದರು. ಕಂಪನಿಯವರ ಕಾರು ಬಂದು ನಿಂತು, ಬಾಗಿಲು ತೆರೆಯಿತು. ನಾವು ಸಾಹೇಬರನ್ನು ಕಾಯುತ್ತಿದ್ದರೆ ಇಳಿದವರು ಒಬ್ಬ ಎತ್ತರದ ಹೆಂಗಸು. ಬಿಳಿಗೂದಲು, ದೊಡ್ಡ ಬೂಟು. ಎಷ್ಟೋ ವರ್ಷ ಟ್ರಕ್ ಓಡಿಸಿ ಈಗ ಡ್ರೈವರುಗಳನ್ನು ಆರಿಸುವ ಕೆಲಸಕ್ಕೆ ಬಂದಿದ್ದಾರೆಂದು ಏಜೆಂಟ್ ಹೇಳಿದ.

ಅತ್ತೆ ನನ್ನ ತೋಳು ಹಿಡಿದರು. "ಈಕೀನ ಹೌದಲ್ರಿ ವೇಣಿ?"

ನನ್ನ ಗ್ರಹಚಾರಕ್ಕೆ ಆಕೆ ಅದೇ ಹೊತ್ತಿಗೆ ನನ್ನ ಕಡೆ ನೋಡಿ ನಕ್ಕರು.

ಟ್ರೇಲರನ್ನು ಡ್ರಮ್ಮುಗಳ ನಡುವೆ ಹಿಂದಕ್ಕೆ ತೆಗೆದು ನಿಲ್ಲಿಸಬೇಕಿತ್ತು. ಗೆಳೆಯ ಸೂಜಿಗೆ ದಾರ ಪೋಣಿಸಿದ ಹಾಗೆ ನಿಲ್ಲಿಸಿದ. ನಾನೂ ನಿಲ್ಲಿಸಿದೆ; ಒಂದು ಡ್ರಮ್ಮು ಸ್ವಲ್ಪ ಅಲುಗಾಡಿತು, ಬೀಳಲಿಲ್ಲ. ಆಮೇಲೆ ಪ್ರಶ್ನೆಗಳು. ಆಕೆ ಇಂಗ್ಲಿಷಿನಲ್ಲಿ ಕೇಳುವುದು, ಏಜೆಂಟ್ ಕನ್ನಡಕ್ಕೆ ತಿರುಗಿಸುವುದು.

"ಒಂದ ಸಮ ಎಷ್ಟೊತ್ತು ಓಡಸ್ತೀರಿ, ಕೇಳಾಕತ್ತಾರ."

"ಮುಂಬಯಿ ಬರೂ ತನಕ ನಿಲ್ಲಸಂಗಿಲ್ರಿ. ನನಗ ನಿದ್ದಿ ರೂಢೀನ ಇಲ್ಲ" ಎಂದ ಗೆಳೆಯ, ಎದೆ ಸೆಟೆಸಿ. ಏಜೆಂಟ್ ಹೆಮ್ಮೆಯಿಂದ ಅದನ್ನು ದಾಟಿಸಿದ. ಆಕೆಯ ಮುಖ ಸಪ್ಪಗಾಯಿತು. ನನಗೇನೂ ತಿಳಿಯಲಿಲ್ಲ.

ನನ್ನ ಸರದಿ ಬಂತು. "ನೋ ಸ್ಲೀಪ್ ಮೇಡಂ" ಎಂದೆ, ಕಲಿಸಿದ ಹಾಗೆಯೇ.

ಹಗ್ಗದಾಚೆಯಿಂದ ಅತ್ತೆಯ ದನಿ ಬಂತು. "ಸುಳ್ಳ ಹೇಳಬ್ಯಾಡ್ರಿ ಅಳ್ಯಾರ! ಯವ್ವಾ ವೇಣಿ, ಇಲ್ಲಿ ಕೇಳ. ಈ ಮನಿಶ್ಯಾ ರೊಟ್ಟಿ ತಿಂದ ಅಂದ್ರ ಮುಗೀತು, ಗಾಡಿ ನಿಂದ್ರಿಸಿ ಬೇವಿನ ಗಿಡದ ಕೆಳಗ ಗೊರಕಿ ಹೊಡಿತಾನ! ನಿನ್ನ ಕೆಲಸಕ್ಕ ಬರೂದಿಲ್ಲ, ಬಿಟ್ಟ ಬಿಡ!"

ಹೆಂಡತಿ ಹಣೆ ಚಚ್ಚಿಕೊಂಡಳು. ಮೇಡಂ ಏನೆಂದು ಕೇಳಿದರು. ಏಜೆಂಟ್ ಏನೇನೋ ಹೇಳಿ ಮುಚ್ಚಲು ನೋಡಿದ. ಆಕೆ ಬಿಡಲಿಲ್ಲ. ಕೊನೆಗೆ ಅವನು ಕೆನ್ನೆಯ ಕೆಳಗೆ ಎರಡೂ ಕೈ ಇಟ್ಟು, ಕಣ್ಣು ಮುಚ್ಚಿ, ಗೊರಕೆ ಹೊಡೆದು ತೋರಿಸಬೇಕಾಯಿತು.

ಆಕೆ ಮೈದಾನವೆಲ್ಲ ಕೇಳುವಂತೆ ನಕ್ಕರು. ಅವರ ದೇಶದಲ್ಲಿ ಡ್ರೈವರು ಇಷ್ಟು ಹೊತ್ತು ಓಡಿಸಿದ ಮೇಲೆ ನಿಲ್ಲಿಸಲೇಬೇಕು, ಮಲಗಲೇಬೇಕು, ಅದು ಕಾನೂನು ಎಂದು ಏಜೆಂಟ್ ಆಕೆಯ ಮಾತನ್ನು ತಿರುಗಿಸಿ ಹೇಳಿದ. ಟ್ರಕ್ಕಿನಲ್ಲೊಂದು ಯಂತ್ರ ಅದನ್ನು ನೋಡಿಕೊಳ್ಳುತ್ತದೆ. ಹೇಳದೆಯೇ ಮಲಗುವವನು ಸಿಕ್ಕಿದ್ದಾನೆಂದು ನನ್ನ ಬೆನ್ನು ತಟ್ಟಿದರು.

"ನಿದ್ದಿ ಮಾಡಾಂವ ಪಾಸ್, ಎಚ್ಚರ ಇದ್ದಾಂವ ನಪಾಸ್! ಎಂಥಾ ದೇಶಲೇ ಅದು?" ಎಂದು ಗೆಳೆಯ ಡ್ರಮ್ಮಿಗೆ ಒದ್ದ.

ಮೇಡಂ ಹೊರಡುವ ಮೊದಲು ಹಗ್ಗ ದಾಟಿ ಹೋಗಿ ಅತ್ತೆಯ ಎರಡೂ ಕೈ ಹಿಡಿದು ಕುಲುಕಿದರು.  ಅತ್ತೆ ಆಕೆಯ ಅಂಗೈಯನ್ನು ಹೊರಳಿಸಿ, ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಮರಳಿ ಬರುವಾಗ, ಬಸ್ಸು ಬೈಲಹೊಂಗಲ ದಾಟಿದ ಮೇಲೆ, ನನ್ನ ಕಡೆ ತಿರುಗಿದರು. "ಅಂಗೈ ನನ್ನಂಗ ಒರಟ ಅದಾವು. ದುಡಿಯಾಕಿ ಅದಾಳ. ಹೋಗಿ ಬರ್ರಿ ಅಳ್ಯಾರ" ಎಂದರು. ನಾನು ಆ ಬಸ್ಸಿನಲ್ಲೇ ಅತ್ತೆಗೊಂದು ನಮಸ್ಕಾರ ಮಾಡಿದೆ.

ನಾನು ಹೋದೆ. ಮುಂದಿನ ಸಲ ಟೆಸ್ಟ್ ಆದಾಗ ಗೆಳೆಯನೂ ಪಾಸಾಗಿ ಅದೇ ಕಂಪನಿಗೆ ಬಂದ. ಪ್ರಶ್ನೆಗೆ ಅವನು "ನಿದ್ದಿ ಕಲಿಯಾಕತ್ತೇನ್ರಿ" ಎಂದು ಹೇಳಿದನಂತೆ. ಆದರೆ ಇನ್ನೂ ಕಲಿತಿಲ್ಲ. ಕಡ್ಡಾಯ ವಿಶ್ರಾಂತಿಯ ದಿನ ಅವನಿಗೆ ಜೈಲಿದ್ದ ಹಾಗೆ. ಟ್ರಕ್ಕು ಒರೆಸುತ್ತಾನೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾನೆ, ನನಗೆ ಫೋನ್ ಮಾಡಿ ಎಬ್ಬಿಸುತ್ತಾನೆ.

ಕಳೆದ ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಒಂದೇ ಪಾರ್ಕಿಂಗಿನಲ್ಲಿ ಸಿಕ್ಕೆವು. ನಾನು ಮಲಗಿದ್ದೆ. ಅವನು ತನ್ನ ಟ್ರಕ್ಕಿನ ಮಗ್ಗುಲಿಗೆ ಸಣ್ಣ ಗ್ಯಾಸಿನ ಒಲೆ ಹಚ್ಚಿ, ಊರಿಂದ ತಂದ ಜೋಳದ ಹಿಟ್ಟು ಕಲಸಿ, ಪಟಪಟ ರೊಟ್ಟಿ ಬಡಿಯತೊಡಗಿದ; ಆ ಸದ್ದಿಗೆ ನನಗೆ ಎಚ್ಚರವಾಯಿತು. ಪಕ್ಕದ ಟ್ರಕ್ಕಿನ ಡ್ರೈವರ್, ದೊಡ್ಡ ಮೀಸೆಯ ಮುದುಕ, ಅದೇ ಸದ್ದು ಕೇಳಿ, ಯಾರದೋ ಇಂಜಿನ್ ಕೆಟ್ಟಿದೆಯೆಂದು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಇಳಿದು ಬಂದ. ನೋಡಿದರೆ ರೊಟ್ಟಿ. ಗೆಳೆಯ ಒಂದನ್ನು ಗುರೆಳ್ಳು ಚಟ್ನಿ ಹಚ್ಚಿ ಕೊಟ್ಟ. ಮುದುಕ ಪಾನಾ ಬಗಲಲ್ಲಿಟ್ಟುಕೊಂಡು, ಹಿಮದಲ್ಲಿ ನಿಂತೇ ತಿಂದು, ಇನ್ನೊಂದಕ್ಕೆ ಕೈ ಚಾಚಿದ.