ಯಾರೂ ಕೇಳಿಲ್ಲ ಎಂಬ ಸಾಲು

ತ್ರಿವೇಣಿ ಬಂಗಾರಪೇಟೆಯ ಕಾಲೇಜೊಂದರಲ್ಲಿ ನನ್ನ ಹಾಗೆಯೇ ಅತಿಥಿ ಉಪನ್ಯಾಸಕಿ. ಊರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನು ಮನೆಯಲ್ಲಿ ಹುಟ್ಟಿದವಳು. ಈಗಲೂ ತಾಯಿ ಅಮ್ಮಾಜಮ್ಮನ ಜೊತೆ ಅದೇ ಮನೆಯಲ್ಲಿದ್ದಾಳೆ. ಅಪ್ಪ ಮುನಿನಾರಾಯಣಪ್ಪ ಗಣಿಯೊಳಗೆ ಕಲ್ಲು ಕೊರೆದು, ಎದೆಗೆಲ್ಲ ದೂಳು ತುಂಬಿಕೊಂಡು, ಗಣಿ ಮುಚ್ಚಿದ ಮೇಲೆ ಕೆಮ್ಮಿ ಕೆಮ್ಮಿ ಸತ್ತ. ಆ ದೂಳಿನ ರೋಗದ ಬಗ್ಗೆಯೇ ಅವಳ ಪಿಎಚ್.ಡಿ. ಒಂದು ಲೇಖನವಾದರೂ ಅಚ್ಚಾಗದೆ ಪ್ರಬಂಧ ಸಲ್ಲಿಸುವಂತಿರಲಿಲ್ಲ.

ಸಂಶೋಧನಾ ಲೇಖನಕ್ಕೆ ಪೀಠಿಕೆ ಬರೆಯುವುದೇ ಒಂದು ಶಾಸ್ತ್ರ. ಮೊದಲು ವಿಷಯ ಬಹಳ ದೊಡ್ಡದು ಎನ್ನಬೇಕು. ಆಮೇಲೆ ಹಿಂದಿನವರು ಹೇಳಿದ್ದನ್ನೆಲ್ಲ ಒಪ್ಪಿಸಬೇಕು. ಕೊನೆಗೆ, ಅವರೆಲ್ಲ ಇದೊಂದನ್ನು ಬಿಟ್ಟಿದ್ದಾರೆ, ಅದನ್ನು ನಾನು ಮಾಡುತ್ತೇನೆ ಎನ್ನಬೇಕು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ. ಸೀಟು ಖಾಲಿ ಇದೆಯೆಂದು ತೋರಿಸದಿದ್ದರೆ ಪತ್ರಿಕೆಯವರು ಹತ್ತಿಸಿಕೊಳ್ಳುವುದಿಲ್ಲ. ತ್ರಿವೇಣಿಯೂ ಬರೆದಳು: 'ಈ ಕಾರ್ಮಿಕರ ಅನುಭವವನ್ನು ಅವರ ಬಾಯಿಂದಲೇ ಈವರೆಗೆ ಯಾರೂ ಕೇಳಿಲ್ಲ.'

ಲೇಖನ ಇಂಗ್ಲಿಷಿನದು. ಬರೆದದ್ದನ್ನು ತಾಯಿಗೆ ಕನ್ನಡದಲ್ಲಿ ಹೇಳಿದಳು. ಸೊಪ್ಪು ಬಿಡಿಸುತ್ತಿದ್ದ ಅಮ್ಮಾಜಮ್ಮ ಕೈ ನಿಲ್ಲಿಸಿದಳು.

"ಯಾರೂ ಕೇಳಿಲ್ಲ ಅಂತ ಯಾಕೆ ಬರ್ದೆ? ನೀನು ಆಸ್ಟ್ಲಲ್ಲಿದ್ದಾಗ ಕೇಳಿ ಬರ್ಕಳಾಕೆ ಒಬ್ರು ಬಂದಿದ್ರು. ನಿಮ್ಮಪ್ಪ ಗೋಡೆಗೆ ಒರಗ್ಕಂಡು, ಉಸ್ರು ಸಿಗ್ದಿದ್ರೂ ದಿನ ಪೂರ್ತಿ ಮಾತಾಡ್ದ. ಪುಸ್ತಕ ಕಳಿಸ್ತೀವಿ ಅಂದೋದ್ರು. ಸಾಯೋಗಂಟ ಅದುನ್ನೇ ಕೇಳ್ತಿದ್ದ, ಬಂತೇನೇ ಅಂತ."

ಆ ಪುಸ್ತಕ ಬರಲೇ ಇಲ್ಲ. ತ್ರಿವೇಣಿ ಹುಡುಕಾಡಿದಳು, ಎಲ್ಲೂ ಅಚ್ಚಾಗಿರಲಿಲ್ಲ. ಮಾರ್ಗದರ್ಶಕ ಚಲಪತಿಯವರ ಬಳಿ ಹೋಗಿ ಸಾಲು ತಿದ್ದುತ್ತೇನೆಂದಳು.

"ಅಚ್ಚಾಗದ್ದು ಲೆಕ್ಕಕ್ಕಿಲ್ಲಮ್ಮ. ಆ ಸಾಲು ತೆಗೆದ್ರೆ ಲೇಖನವೇ ನಿಲ್ಲೋದಿಲ್ಲ" ಎಂದರು ಅವರು.

ಕೆಟ್ಟ ಮನುಷ್ಯರೇನಲ್ಲ, ನಿಯಮ ಹೇಳಿದರು. ಆ ನಿಯಮದ ಮೇಲೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವಳ ಪಿಎಚ್.ಡಿ. ಅವಧಿ ಮುಗಿಯುತ್ತಾ ಬಂದಿತ್ತು, ಸಾಲು ಹಾಗೇ ಉಳಿಯಿತು. ತಾಯಿಗೆ ಮಾತ್ರ "ತೆಗ್ದಿದ್ದೀನಮ್ಮ" ಎಂದಳು.

ಲೇಖನ ಅಚ್ಚಾಗಿ ಬಂದದ್ದು ಪಿತೃಪಕ್ಷದಲ್ಲಿ. ಹಿರಿಯರಿಗೆ ಎಡೆ ಇಡುವ ದಿನ ಊಟಕ್ಕೆಂದು ನಾನೂ ಹೋಗಿದ್ದೆ. ಸತ್ತವರು ಆಸೆಪಟ್ಟಿದ್ದನ್ನೆಲ್ಲ ಎಡೆಗೆ ಇಡುತ್ತಾರೆ. ಮುನಿನಾರಾಯಣಪ್ಪನ ಫೋಟೊದ ಮುಂದೆ ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು ಇದ್ದವು. ಅಮ್ಮಾಜಮ್ಮ ಕೈ ತೊಳೆದು ಬಂದು, ಲೇಖನವನ್ನು ಕಣ್ಣಿಗೊತ್ತಿಕೊಂಡು, ಮೊದಲ ಪುಟವನ್ನು ಅವನ ಕಡೆಗೆ ತಿರುಗಿಸಿ ಇಟ್ಟಳು.

"ತಗಾ, ಬಂತು ನಿನ್ ಪುಸ್ತಕ. ಓದ್ಕೋ" ಎಂದಳು.

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತೆವು. ತ್ರಿವೇಣಿ ನನ್ನ ಕೈ ಹಿಡಿದುಕೊಂಡು, "ಒಳಗೆ ಅಪ್ಪ ಓದ್ತಾ ಓದ್ತಾ ಆ ಸಾಲಿಗೆ ಬಂದಿರ್ತಾನೆ ಕಣೇ" ಎಂದು ಸಣ್ಣಗೆ ಹೇಳಿ ಅತ್ತಳು. ಅಪ್ಪನ ನೆನಪಾಗಿರಬೇಕೆಂದು ಅಮ್ಮಾಜಮ್ಮ ಅವಳ ತಲೆ ನೇವರಿಸುತ್ತಾ ಕೂತಳು.